ಮಣ್ಣಿಗಿಳಿಯದ ಲಾರಿ

ಬೆಳಿಗ್ಗೆ ಆರೂವರೆಗೆ ಹೊರಡಬೇಕಿದ್ದ ಲಾರಿ ಪೀಣ್ಯದ ನಮ್ಮ ಶೆಡ್ಡಿನ ಗೇಟು ದಾಟಿದಾಗ ಏಳು ಗಂಟೆ ಐವತ್ತು ನಿಮಿಷ. ಈ ತಡಕ್ಕೆ ನಾನೇ ಕಾರಣ ಎಂದು ಲೋಡಿಂಗ್ ಮೇಸ್ತ್ರಿ ಕುಪ್ಪಸ್ವಾಮಿ ಈಗಲೂ ಹೇಳಿಕೊಂಡು ತಿರುಗುತ್ತಾನೆ. ಅವನು ಹೇಳುವುದು ನಿಜ. ಅಂದು ಬೆಳಿಗ್ಗೆ ಮಾತ್ರ ನನಗೆ ಹಾಗೆ ಅನ್ನಿಸಿರಲಿಲ್ಲ.

ಮೂವತ್ತೊಂದು ವರ್ಷ ಸರ್ಕಾರಿ ಕಾರ್ಖಾನೆಯೊಂದರ ಸೈರನ್ ಕೇಳಿ ಎದ್ದವನು, ಉಂಡವನು, ಮಲಗಿದವನು ನಾನು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ರಾಜಗೋಪಾಲನಗರದ ನಮ್ಮ ಮನೆಯಲ್ಲಿ ಊಟ ರಾತ್ರಿ ಏಳಕ್ಕೇ. ಪೀಣ್ಯದಲ್ಲಿ ನನ್ನ ತಂಗಿಯ ಮಗನದೊಂದು ಶೆಡ್ಡಿದೆ. ಹಳೆಯ ಯಂತ್ರಗಳನ್ನು ಕೊಂಡು, ಬಿಚ್ಚಿ, ಸರಿಮಾಡಿ ಮಾರುತ್ತಾನೆ. ಯಂತ್ರಗಳನ್ನು ಕಳುಹಿಸುವ ಕೆಲಸವನ್ನು ನಾನಾಗಿ ಕೇಳಿ ವಹಿಸಿಕೊಂಡಿದ್ದೆ. ಸಂಕ್ರಾಂತಿ ಕಳೆದ ಎರಡನೇ ವಾರ, ತಗಡು ಒತ್ತುವ ಪವರ್ ಪ್ರೆಸ್ ಒಂದನ್ನು ತುಮಕೂರಿಗೆ ತಲುಪಿಸಬೇಕಿತ್ತು. ಏಳೂಕಾಲು ಅಡಿ ಎತ್ತರ, ಎರಡೂವರೆ ಟನ್ ತೂಕ, ಭಾರವೆಲ್ಲ ತಲೆಯ ಕಡೆ. ಕೊಂಡವನು ರಾಜಶೇಖರ, ಒಂದು ಕಾಲದಲ್ಲಿ ನನ್ನ ಕೈಕೆಳಗೆ ಅಪ್ರೆಂಟಿಸ್ ಆಗಿದ್ದವನು, ಈಗ ಸ್ವಂತ ವರ್ಕ್‌ಶಾಪ್ ಹಾಕಿದ್ದಾನೆ. ಹನ್ನೊಂದು ಗಂಟೆಗೆ ಸರಿಯಾಗಿ ಇಳಿಸುವ ಆಳುಗಳನ್ನು ಸಿದ್ಧವಾಗಿಡಬೇಕೆಂದು ಅವನಿಗೆ ಕಾರ್ಡು ಬರೆದಿದ್ದೆ.

ಪ್ರೆಸ್ಸನ್ನು ಲಾರಿಯ ಮೇಲೆ ಮಲಗಿಸಬೇಕೆಂದು ಕುಪ್ಪಸ್ವಾಮಿಯ ವಾದ. "ಮಲಗಿಸಿದ್ದೀನಿ, ಹಿಂಗೇ ಬಿಡಿ ಸಾರ್, ಮಗು ತರ ಹೋಗುತ್ತೆ" ಅಂದ. ನಾನು ಒಪ್ಪಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ದೊಡ್ಡ ಚಕ್ರವಿರುವ ಯಂತ್ರವನ್ನು ನಿಲ್ಲಿಸಿಯೇ ಸಾಗಿಸಬೇಕೆಂಬ ನಿಯಮ ಗೋಡೆಯ ಮೇಲೆ ಬರೆದಿತ್ತು. ಅದನ್ನು ಮೂವತ್ತೊಂದು ವರ್ಷ ಓದಿದ್ದೇನೆ. ಮಲಗಿಸಿದ್ದನ್ನು ಮತ್ತೆ ಎತ್ತಿಸಿ, ನಿಲ್ಲಿಸಿ, ನಾಲ್ಕು ಮೂಲೆಗೂ ಹಗ್ಗ ಬಿಗಿಸಿ, ಬುಡಕ್ಕೆ ಮರದ ಗೂಟ ಹೊಡೆಸಿದೆ. ಎಂಬತ್ತು ನಿಮಿಷ ಹೋದದ್ದು ಅಲ್ಲಿ. ಲಾರಿಯ ಡ್ರೈವರ್ ಗಂಗಣ್ಣ ಬೀಡಿ ಸೇದುತ್ತ ಇದನ್ನೆಲ್ಲ ನೋಡಿದ. ಒಮ್ಮೆ ಮಾತ್ರ, "ಎತ್ರ ಆಯ್ತಲ್ವಾ ಸಾರ್" ಅಂದ. ತಂತಿಗಳಿಗೆ ತಾಗುವುದಿಲ್ಲ, ಅಳೆದಿದ್ದೇನೆ ಎಂದೆ. ಅವನು ಕೇಳಿದ್ದು ತಂತಿಯ ವಿಷಯ ಅಲ್ಲವೆಂದು ತಿಳಿಯಲು ನನಗೆ ಹೊರಟ ಮೇಲೆ ಹದಿನೈದು ನಿಮಿಷ ಹಿಡಿಯಿತು.

ಗಂಗಣ್ಣ ಮಾದನಾಯಕನಹಳ್ಳಿಯ ಒಕ್ಕಲು ಮನೆತನದವನು. ವಯಸ್ಸು ನಲವತ್ತರ ಆಸುಪಾಸು, ಲಾರಿ ಅವನದೇ, ತುಮಕೂರು ರಸ್ತೆಯಲ್ಲಿ ಹದಿನಾರು ವರ್ಷದ ಓಡಾಟ. ಅವನ ಕ್ಲೀನರ್ ಅಣ್ಣನ ಮದುವೆಗೆಂದು ಊರಿಗೆ ಹೋಗಿದ್ದ. ಆದ್ದರಿಂದ ಎಡಗಡೆಯ ಸೀಟು ನನಗೆ. ಬಸ್ಸಿನಲ್ಲಾದರೆ ಎರಡು ಗಂಟೆಯೊಳಗೆ ತುಮಕೂರು. ಲಾರಿಗೆ ಮೂರು ಗಂಟೆ ಸಾಕೆಂದು ನನ್ನ ಲೆಕ್ಕ.

ಎಂಟನೇ ಮೈಲಿ ದಾಟಿದ ಮೇಲೆ ರಸ್ತೆ ಹೇಗಿದೆಯೆಂದು ಈ ಕಡೆ ಓಡಾಡದವರಿಗೆ ಹೇಳಬೇಕು. ಕಾಗದದ ಮೇಲೆ ಅದು ಎರಡು ಲಾರಿ ಸರಾಗವಾಗಿ ಹಾಯುವಷ್ಟು ಅಗಲ. ನೆಲದ ಮೇಲೆ ಎರಡೂ ಅಂಚಿನ ಟಾರು ಇಲಿ ತಿಂದ ಚಪಾತಿಯಂತಿದೆ. ಅಂಚಿನಿಂದ ಮಣ್ಣಿಗೆ ಅರ್ಧ ಅಡಿ ಇಳಿತ, ಕೆಲವೆಡೆ ಅದಕ್ಕೂ ಹೆಚ್ಚು. ಎದುರುಬದುರಾದ ಎರಡು ಲಾರಿಗಳು ತಂತಮ್ಮ ಎಡಚಕ್ರಗಳನ್ನು ಮಣ್ಣಿಗೆ ಇಳಿಸಿದರೆ ನಡುವೆ ಒಂದು ತೋಳಿನಷ್ಟು ಜಾಗ ಉಳಿಯುತ್ತದೆ. ಇದನ್ನು ಯಾವ ಪೊಲೀಸನೂ ಕಲಿಸಿದ್ದಲ್ಲ. ಅವನು ಇಳಿಸುತ್ತಾನೆ, ಇವನು ಇಳಿಸುತ್ತಾನೆ, ಹಾಯುವಾಗ ಇಬ್ಬರೂ ಸ್ಟಿಯರಿಂಗ್ ಮೇಲಿಂದ ನಾಲ್ಕು ಬೆರಳು ಎತ್ತುತ್ತಾರೆ. ಅಷ್ಟೇ.

ಮಾದಾವರದ ಹತ್ತಿರ ಮೊದಲ ಲಾರಿ ಎದುರಾಯಿತು. ಗಂಗಣ್ಣ ಅಭ್ಯಾಸಬಲದಿಂದ ಎಡಚಕ್ರ ಇಳಿಸಿದ. ನಮ್ಮ ಬೆನ್ನ ಹಿಂದೆ ಏನೋ ನರಳಿತು. ಹಗ್ಗವೊಂದು ತಂಬೂರಿಯ ತಂತಿಯಂತೆ ಮಿಡಿಯಿತು. ಆಮೇಲೆ ಟಪ್ಪೆಂದು ಮರ ಸೀಳಿದ ಸದ್ದು. ಇಡೀ ಲಾರಿ ನನ್ನ ಕಡೆಗೆ ಬಾಗಿ, ನನ್ನ ಕಿಟಕಿಯಿಂದ ಹೊಲವೇ ಹತ್ತಿರ ಬಂದಂತಾಯಿತು. ಗಂಗಣ್ಣ ಮೆಲ್ಲಗೆ ಮೇಲೆ ತಂದು ನಿಲ್ಲಿಸಿದ. ಇಳಿದು ನೋಡಿದರೆ ಎಡಗಡೆಯ ಗೂಟ ಎರಡು ಹೋಳು. ಪ್ರೆಸ್ಸು ಎರಡು ಬೆರಳಿನಷ್ಟು ಸರಿದಿತ್ತು.

ಹೊಸ ಗೂಟ ಹೊಡೆದು, ಹಗ್ಗ ಬಿಗಿದೆವು. ಗಂಗಣ್ಣ ಕೈ ಒರೆಸಿಕೊಳ್ಳುತ್ತ, ಶೆಡ್ಡು ಇನ್ನೂ ಹತ್ತಿರವೇ ಇದೆ, ಹಿಂತಿರುಗಿ ಮಲಗಿಸಿಕೊಂಡು ಬರೋಣ ಎಂದ. ನಾನು ಗಡಿಯಾರ ನೋಡಿದೆ. ಎಂಟು ಇಪ್ಪತ್ತೈದು. ಹನ್ನೊಂದಕ್ಕೆ ಆಳುಗಳು ಕಾಯುತ್ತಾರೆ, ಮಾತು ಮಾತೇ ಎಂದೆ.

"ಹಂಗಾದ್ರೆ ನಾನು ಮಣ್ಣಿಗೆ ಇಳಿಯೋಕಾಗಲ್ಲ ಸಾರ್" ಅಂದ ಗಂಗಣ್ಣ.

"ಬೇಡ. ನಿಧಾನವಾಗಿ ಟಾರಿನ ಮೇಲೆಯೇ ಹೋಗಿ."

"ನಾನ್ ಇಳೀದಿದ್ರೆ ಎದ್ರುಗಡೆಯೋನು ಪೂರ್ತಿ ಇಳೀಬೇಕು."

"ಇಳಿಯಲಿ. ಕೈ ತೋರಿಸಿ ಕೇಳಿಕೊಳ್ಳೋಣ."

ಅವನು ಲಾರಿ ಹತ್ತಿ, ಎರಡು ದೀಪವನ್ನೂ ಹಾಕಿಕೊಂಡು, ಗಂಟೆಗೆ ಇಪ್ಪತ್ತು ಕಿಲೋಮೀಟರಿನಂತೆ ಹೊರಟ. ಎದುರು ಲಾರಿ ಕಂಡ ಕೂಡಲೇ ಬಲಗೈ ಹೊರಹಾಕಿ, ಅಂಗೈ ಕೆಳಮಾಡಿ, ನಾಯಿಯ ಬೆನ್ನು ಸವರುವಂತೆ ಗಾಳಿಯನ್ನು ಸವರುತ್ತ ಬೇಡಿಕೊಳ್ಳುತ್ತಿದ್ದ. ಕೆಲವರು ಇಳಿದರು. ಕೆಲವರು ಕೊನೆಯ ಗಳಿಗೆಯವರೆಗೂ ಇಳಿಯದೆ, ನಾವು ಕದಲುವುದಿಲ್ಲವೆಂದು ಗೊತ್ತಾದ ಮೇಲೆ ಧಡಾರನೆ ಬಿದ್ದು, ಧೂಳೆಬ್ಬಿಸಿ, ನಮ್ಮ ತಾಯಂದಿರನ್ನು ನೆನೆಸಿಕೊಂಡು ಹೋದರು. ಟೊಮೇಟೊ ತುಂಬಿದ್ದ ಒಂದು ಲಾರಿಯಿಂದ ಎರಡು ಕುಕ್ಕೆ ಉರುಳಿದವು. ಅದರ ಡ್ರೈವರ್ ನಿಲ್ಲಿಸಿ ಇಳಿಯುವ ಹೊತ್ತಿಗೆ ನಾವು ಮುಂದೆ ಸಾಗಿದ್ದೆವು. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ನನಗೆ ಸಿಟ್ಟು ಏರುತ್ತಿತ್ತು. ರಸ್ತೆಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಮನೆಯಲ್ಲಿ ಎಲ್ಲರಿಗೂ ಪಾಠ ಹೇಳುವವನು ನಾನು. ಹಿಂದಿನವನು ಹಾರ್ನ್ ಹೊಡೆದರೆ ದಾರಿ ಬಿಡಿ, ಎದುರಿನವನಿಗೆ ಅರ್ಧ ರಸ್ತೆ ಕೊಡಿ, ತಿರುವಿನಲ್ಲಿ ಮುಂದೆ ನುಗ್ಗಬೇಡಿ. ಸ್ಕೂಟರ್ ಕಲಿಯುವಾಗ ತಂಗಿಯ ಮಗ ಇದನ್ನು ಎಷ್ಟು ಸಲ ಕೇಳಿದ್ದಾನೋ. ಇಲ್ಲಿ ತಿರುವಿನಲ್ಲೇ ನುಗ್ಗುತ್ತಾರೆ. ನಮ್ಮನ್ನು ಹಿಂದೆ ಹಾಕಲು ಒಂದು ಸಕ್ಕರೆ ಲಾರಿ, ಅದನ್ನು ಹಿಂದೆ ಹಾಕಲು ಒಂದು ಬಸ್ಸು, ಮೂರೂ ಒಂದೇ ಸಾಲಿನಲ್ಲಿ. ಎದುರಿನಿಂದ ಬಂದ ಸೈಕಲ್ಲಿನವನು ಸೀದಾ ಜಾಲಿಗಿಡದೊಳಗೆ. ಎಲ್ಲರನ್ನೂ ಬಯ್ದೆ. ಬಯ್ಯುತ್ತ ಬಯ್ಯುತ್ತ ನೋಡಿದರೆ, ಅಂದು ಆ ರಸ್ತೆಯಲ್ಲಿ ಎಲ್ಲರಿಗಿಂತ ಹೆಚ್ಚು ತೊಂದರೆ ಕೊಡುತ್ತಿದ್ದ ವಾಹನದಲ್ಲಿ ನಾನೇ ಕೂತಿದ್ದೆ.

ಮಾದನಾಯಕನಹಳ್ಳಿಯ ಟೀ ಅಂಗಡಿಯ ಮುಂದೆ ಹತ್ತು ಹನ್ನೆರಡು ಜನ ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಎಲ್ಲರೂ ಗಂಗಣ್ಣನ ಊರಿನವರೇ, ಒಂದಲ್ಲ ಒಂದು ನೆಂಟಸ್ತಿಕೆಯವರು. ಅವರ ಕಣ್ಣೆದುರೇ ಇಟ್ಟಿಗೆ ತುಂಬಿದ ಲಾರಿಯೊಂದು ಎದುರಾಯಿತು. ಅದರ ಡ್ರೈವರ್ ಅರ್ಧ ಇಳಿದು, ಗಂಗಣ್ಣನೂ ಇಳಿಯುತ್ತಾನೆಂದು ಕಾದ. ಗಂಗಣ್ಣ ಗಾಳಿ ಸವರಿದ. ಆತ ಪೂರ್ತಿ ಇಳಿದು, ಮೇಲಿನ ಸಾಲಿನ ಇಟ್ಟಿಗೆಗಳನ್ನು ಚರಂಡಿಗೆ ಚೆಲ್ಲಿಕೊಂಡು ದಾಟಿದ. ಬೆಂಚಿನ ಮೇಲಿಂದ ಮುದುಕನೊಬ್ಬ ಕೂಗಿದ: "ಏನ್ಲಾ ಗಂಗಾ, ಮಣ್ ಕಚ್ತದಾ?"

ಬೆಂಚು ನಕ್ಕಿತು. ಗಂಗಣ್ಣನ ಕಿವಿ ಕೆಂಪಾಯಿತು. ಒಂದು ಫರ್ಲಾಂಗು ಹೋದ ಮೇಲೆ ತಾನಾಗಿಯೇ ಹೇಳತೊಡಗಿದ. ಎರಡು ವರ್ಷದ ಹಿಂದೆ ಈ ರಸ್ತೆಯಲ್ಲಿ ಹೊಸ ಲಾರಿ ತಂದವನೊಬ್ಬ ಟೈರು ಹಾಳಾಗುತ್ತದೆಂದು ಯಾರಿಗೂ ಇಳಿಯುತ್ತಿರಲಿಲ್ಲವಂತೆ. ಅವನಿಗೆ ಟಾರುರಾಜ ಅಂತ ಹೆಸರು ಬಿತ್ತು. ಆಮೇಲೆ ಅವನಿಗೂ ಯಾರೂ ಇಳಿಯಲಿಲ್ಲ. ಪಂಕ್ಚರ್ ಆಗಿ ನಿಂತರೆ ಜಾಕ್ ಕೊಡುವವರಿಲ್ಲ. ಒಂದು ದಿನ ಮೋರಿಯ ಹತ್ತಿರ ಎದುರಿನವನು ಹಟಕ್ಕೆ ಬಿದ್ದು ಜಾಗ ಬಿಡಲಿಲ್ಲ. ಟಾರುರಾಜನ ಲಾರಿ ಹಳ್ಳ ಸೇರಿತು. ಪ್ರಾಣ ಉಳಿಯಿತು, ಲಾರಿ ಮಾರಿ ಊರು ಬಿಟ್ಟ.

"ನಾಳೆ ಮತ್ತೆ ನಾನ್ ಇದೇ ರೋಡಲ್ಲಿ ಬರ್ಬೇಕು ಸಾರ್" ಅಂದ ಗಂಗಣ್ಣ. "ನೀವ್ ಬರಲ್ಲ."

ನೆಲಮಂಗಲ ಮುಟ್ಟಿದಾಗ ಒಂಬತ್ತು ಮುಕ್ಕಾಲು. ರಸ್ತೆ ಬದಿಯ ಹೋಟೆಲಿನಲ್ಲಿ ಇಡ್ಲಿ ಬಿಸಿಯಿತ್ತು, ಚಟ್ನಿ ನೀರು, ಕಾಫಿ ಅರವತ್ತು ಪೈಸೆ. ಗಂಗಣ್ಣ ಒಳಗೆ ಬರಲಿಲ್ಲ. ಆ ಹೋಟೆಲಿನಲ್ಲಿ ಅವನ ಪರಿಚಯದ ಡ್ರೈವರುಗಳು ಕೂರುತ್ತಾರೆ. ಕಾಫಿಯನ್ನು ಲಾರಿಗೇ ಒಯ್ದು ಕೊಟ್ಟೆ. ಕುಡಿದು ಲೋಟ ಹಿಂತಿರುಗಿಸಿದ, ಅಷ್ಟೇ.

ಬೇಗೂರು ದಾಟಿ, ಎಡಕ್ಕೆ ಶಿವಗಂಗೆಯ ಬೆಟ್ಟ ಕಾಣಿಸುವಲ್ಲಿ ರಸ್ತೆ ಸ್ವಲ್ಪ ದೂರ ಏರಿಯ ಮೇಲೆ ಹೋಗುತ್ತದೆ. ಎರಡೂ ಪಕ್ಕ ಆಳೆತ್ತರದ ಇಳಿಜಾರು, ಮಣ್ಣಿನ ಅಂಚು ಎರಡಡಿಗಿಂತ ಹೆಚ್ಚಿಲ್ಲ. ಅಲ್ಲಿ ಹುಲ್ಲಿನ ಲಾರಿ ಬಂತು. ಭತ್ತದ ಹುಲ್ಲನ್ನು ಎರಡೂ ಕಡೆ ಮೂರು ಮೂರು ಅಡಿ ಚಾಚಿ, ಮನೆಯೆತ್ತರ ಒಟ್ಟಿದ್ದರು. ಕೆಳಗೆ ಚಕ್ರವಿದೆಯೆಂದು ಊಹಿಸಿಕೊಳ್ಳಬೇಕಿತ್ತು. ಗಂಗಣ್ಣ ಗಾಳಿ ಸವರಿದ. ಎದುರಿನ ಹುಲ್ಲಿನೊಳಗಿನಿಂದಲೂ ಒಂದು ಕೈ ಬಂದು ಗಾಳಿ ಸವರಿತು. ಅವನೂ ಇಳಿಯುವಂತಿರಲಿಲ್ಲ, ಇಳಿದರೆ ಹುಲ್ಲಿನ ಗುಡ್ಡೆ ಇಳಿಜಾರಿಗೆ ಮಗುಚುತ್ತಿತ್ತು. ಮೂಗಿಗೆ ಮೂಗು ತಾಗುವಂತೆ ಎರಡೂ ನಿಂತವು.

ಹುಲ್ಲಿನ ಲಾರಿಯ ಡ್ರೈವರ್ ಇಳಿದು ಬಂದ. ಅರವತ್ತರ ಮೇಲಿನ ಒಣಕಲು ಆಸಾಮಿ, ತಲೆಗೆ ಟವೆಲ್ಲು. ನಮ್ಮ ಲಾರಿಯನ್ನು ಒಂದು ಸುತ್ತು ಹಾಕಿ, ಪ್ರೆಸ್ಸನ್ನು ಬುಡದಿಂದ ತುದಿಯವರೆಗೆ ನೋಡಿದ.

"ದ್ಯಾವ್ರನ್ನ ಮೆರವಣಿಗೆ ಒಂಟಿದ್ದೀರೇನಪ್ಪಾ, ಇಂಗೆ ನಿಲ್ಸ್ಕಂಡು? ಯಾವನ್ಲಾ ನಿಲ್ಸಿದ್ದು ಇದ್ನ?"

ನಾನು ಸ್ಟೀಲಿನ ಅಳತೆ ಟೇಪು ಹಿಡಿದು ರಸ್ತೆಯ ಅಗಲ ನೋಡುತ್ತ ನಿಂತಿದ್ದೆ. ಗಂಗಣ್ಣ ನನ್ನ ಕಡೆ ನೋಡಲಿಲ್ಲ.

"ನಾನೇ ಅಣ್ಣ. ತಪ್ಪಾಯ್ತು."

"ಅದಿನಾರ್ ವರ್ಸದಿಂದ ನೋಡ್ತಿದೀನಿ ನಿನ್ನ. ಬುದ್ಧಿ ಎಲ್ಲಿಟ್ಟಿದ್ದೆ?"

"ತಪ್ಪಾಯ್ತು ಅಂದ್ನಲ್ಲಣ್ಣ."

ಮುದುಕ ಇನ್ನೂ ನಾಲ್ಕು ಮಾತು ಅಂದ. ನಾನು ಬರೆಯುವಂಥವಲ್ಲ. ನಾನು ಬಾಯಿ ತೆರೆಯಬೇಕಾಗಿದ್ದದ್ದು ಅದೇ ಹೊತ್ತಿಗೆ. ತೆರೆಯಲಿಲ್ಲ. ಟೇಪನ್ನು ಸುತ್ತಿ ಬಿಚ್ಚಿದೆ, ಬಿಚ್ಚಿ ಸುತ್ತಿದೆ.

ಅಷ್ಟರಲ್ಲಿ ಎರಡೂ ಕಡೆ ಲಾರಿ, ಬಸ್ಸು, ಎತ್ತಿನ ಗಾಡಿಗಳ ಸಾಲು. ಬಾಯಿಂದ ಆಗದ್ದನ್ನು ಟೇಪಿನಿಂದ ಮಾಡಿದೆ. ಏರಿಯ ಮೇಲೆ ಟಾರಿನ ಅಂಚು ಸವೆದಿಲ್ಲ, ಎರಡು ಲಾರಿಯ ಮೈ ಹಾಯಲು ಜಾಗವಿದೆ, ಅಡ್ಡ ಬರುತ್ತಿರುವುದು ನಮ್ಮ ಕಡೆಗೆ ಚಾಚಿದ ಹುಲ್ಲು ಮಾತ್ರ ಎಂದು ತೋರಿಸಿದೆ. ಒಂದೇ ಕಡೆಯ ಹುಲ್ಲು ತೆಗೆದರೆ ಇನ್ನೊಂದು ಕಡೆಗೆ ವಾಲುತ್ತದೆ ಎಂದ ಮುದುಕ. ಸರಿ, ಎರಡೂ ಕಡೆಯದನ್ನೂ ತೆಗೆಯಬೇಕು. ಬಸ್ಸಿನಿಂದಿಳಿದ ಏಳೆಂಟು ಜನ ಕೈ ಹಾಕಿದರು. ಹೊರೆ ಹೊರೆ ಹುಲ್ಲು ಬಿಚ್ಚಿ ಏರಿಯ ಕೆಳಗೆ ಒಟ್ಟಿದೆವು. ನಾನೂ ಹೊತ್ತೆ. ಇಸ್ತ್ರಿ ಮಾಡಿದ ಅಂಗಿಯೊಳಗೆ ಹುಲ್ಲು ಚುಚ್ಚಿಕೊಂಡು, ಆ ತುರಿಕೆ ಎರಡು ದಿನ ಇತ್ತು. ಆಮೇಲೆ ನಾನು ಮಣ್ಣಿನ ಅಂಚಿನ ಮೇಲೆ ಹಿಂದಕ್ಕೆ ನಡೆಯುತ್ತ ಕೈ ತೋರಿಸಿದೆ, ಅವು ಅಂಗುಲ ಅಂಗುಲವಾಗಿ ಹಾಯ್ದವು. ಹೊರೆಗಳನ್ನು ಮತ್ತೆ ಮೇಲೇರಿಸಿ ಕಟ್ಟುವವರೆಗೂ ಗಂಗಣ್ಣ ಅಲ್ಲಿಂದ ಕದಲಲಿಲ್ಲ. ಒಂದು ಗಂಟೆ ಹತ್ತು ನಿಮಿಷ. ಹೊರಡುವಾಗ ಮುದುಕನಿಗೆ ಗಂಗಣ್ಣ ಬೆರಳೆತ್ತಿದ. ಮುದುಕ ಎತ್ತಲಿಲ್ಲ.

ದಾಬಸ್‌ಪೇಟೆ, ಹಿರೇಹಳ್ಳಿ, ಕ್ಯಾತ್ಸಂದ್ರ ಇವುಗಳ ಬಗ್ಗೆ ಹೇಳುವುದೇನೂ ಇಲ್ಲ. ಬಿಸಿಲು, ಧೂಳು, ಬೈಗುಳ. ತುಮಕೂರು ಮುಟ್ಟಿದಾಗ ಒಂದೂವರೆ. ಆಳುಗಳು ಕಾದು, ಊಟಕ್ಕೆ ಹೋಗಿ, ಮತ್ತೆ ಬಂದು ಕೂತಿದ್ದರು. ರಾಜಶೇಖರ ಓಡಿಬಂದು ನನ್ನ ಕಾಲಿಗೆರಗಿದ. ಎದ್ದವನು ಲಾರಿಯ ಮೇಲೆ ನೋಡಿ ತಲೆ ಕೆರೆದುಕೊಂಡ.

"ಇದ್ಯಾಕೆ ಸಾರ್ ನಿಲ್ಲಿಸ್ಕೊಂಡು ತಂದಿದ್ದೀರಿ?"

"ಯಾಕೆ? ನಿಯಮ ಮರೆತೆಯಾ?"

"ಅದಲ್ಲ ಸಾರ್. ಬಾಗಿಲು ಆರೂವರೆ ಅಡಿ. ಮಲಗಿಸಿಯೇ ಒಳಗೆ ತಗೊಂಡು ಹೋಗ್ಬೇಕು."

ತಂತಿಯ ಎತ್ತರ ಅಳೆದಿದ್ದೆ, ಹಗ್ಗದ ಉದ್ದ ಅಳೆದಿದ್ದೆ. ಬಾಗಿಲ ಎತ್ತರವೆಷ್ಟೆಂದು ಕಾರ್ಡಿನಲ್ಲಿ ಕೇಳಿರಲಿಲ್ಲ. ಚೈನ್ ಪುಲ್ಲಿ ಕಟ್ಟಿ, ಪ್ರೆಸ್ಸನ್ನು ಇಳಿಸಿ, ಬೆನ್ನ ಮೇಲೆ ಮಲಗಿಸಿ, ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ಒಳಗೆ ಒಯ್ದರು. ಮಗುವಿನಂತೆ ಹೋಯಿತು. ಒಳಗೆ ನಿಲ್ಲಿಸಿ ಚಕ್ರ ತಿರುಗಿಸಿದರೆ ಕೂದಲೆಳೆಯಷ್ಟೂ ತೊಡಕಿಲ್ಲ.

ಅದನ್ನು ನೋಡುತ್ತ ನಿಂತಾಗ ನಮ್ಮ ಕಾರ್ಖಾನೆಯ ಟ್ರೈಲರ್ ನೆನಪಾಯಿತು. ಅದರ ಸರಕು ಹೇರುವ ಅಟ್ಟಣೆ ನನ್ನ ಮೊಣಕಾಲಿನ ಎತ್ತರ. ಅದು ಓಡುತ್ತಿದ್ದದ್ದು ಕಾರ್ಖಾನೆಯ ಕಾಂಪೌಂಡಿನೊಳಗಿನ ಸಿಮೆಂಟು ರಸ್ತೆಯಲ್ಲಿ. ಗೋಡೆಯ ಮೇಲಿನ ನಿಯಮವನ್ನು ಬರೆದದ್ದು ಆ ಟ್ರೈಲರಿಗಾಗಿ. ಗಂಗಣ್ಣನ ಲಾರಿಯ ಅಟ್ಟಣೆ ನನ್ನ ಎದೆಯ ಮಟ್ಟಕ್ಕಿದೆ.

ಮೂರು ಗಂಟೆಗೆ ಹಿಂತಿರುಗಿ ಹೊರಟೆವು. ಲಾರಿ ಖಾಲಿ. ಐದೂವರೆಗೆ ಪೀಣ್ಯ, ಆರಕ್ಕೆ ಸ್ನಾನ, ಏಳಕ್ಕೆ ಊಟ ಎಂದು ಎಣಿಸಿಕೊಂಡೆ. ಆದರೆ ಕ್ಯಾತ್ಸಂದ್ರದ ಆಚೆ ಎದುರಾದ ಮೊದಲ ಲಾರಿಗೇ ಗಂಗಣ್ಣ ಎಡಚಕ್ರ ಮಾತ್ರವಲ್ಲ, ಇಡೀ ಲಾರಿಯನ್ನು ಮಣ್ಣಿಗಿಳಿಸಿ ನಿಲ್ಲಿಸಿಬಿಟ್ಟ. ಆ ಡ್ರೈವರ್ ಬೆರಗಾಗಿ ನೋಡುತ್ತ ಹೋದ. ಎರಡನೆಯದಕ್ಕೂ ಹಾಗೆಯೇ. ಮೂರನೆಯದು ಬರೀ ಟೆಂಪೊ, ಅದಕ್ಕೂ ಇಳಿದ.

"ಇವರಿಗೆಲ್ಲ ಅರ್ಧ ಕೊಟ್ಟರೆ ಸಾಕಲ್ಲ ಗಂಗಣ್ಣ" ಎಂದೆ.

"ಬೆಳಗ್ಗೆ ಯಾರ್ಗೆ ತೊಂದ್ರೆ ಕೊಟ್ನೋ ನನಗೇನ್ ಗೊತ್ತು ಸಾರ್. ಇವ್ರಲ್ಲೇ ಯಾರೋ ಇರ್ತಾರೆ."

ಪ್ರತಿ ಸಲವೂ ಇಳಿದು, ನಿಂತು, ಹತ್ತಿ, ಗೇರು ಹಾಕಿ ಹೊರಡುವುದು. ನನ್ನ ಸೊಂಟ ಕಿತ್ತುಬಂತು. ಹುಲ್ಲು ತುರಿಸುತ್ತಿತ್ತು. ಗಡಿಯಾರ ನೋಡಿ ನೋಡಿ, ದಾಬಸ್‌ಪೇಟೆಯ ಹತ್ತಿರ ಅದನ್ನು ಬಿಚ್ಚಿ ಜೇಬಿಗೆ ಹಾಕಿದೆ. ಎಡಗಡೆ ಎಷ್ಟು ಮಣ್ಣಿದೆ ಎಂದು ಡ್ರೈವರಿಗೆ ಕಾಣುವುದಿಲ್ಲ. ಅದನ್ನು ನೋಡಿ ಹೇಳುವುದು ಈ ಸೀಟಿನಲ್ಲಿ ಕೂತವನ ಕೆಲಸ. ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದರೂ ನನಗೆ ಹೊಳೆದಿರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, ಇನ್ನೂ ಎರಡಡಿ ಇದೆ ಇಳಿಸಿ, ಇಲ್ಲಿ ಚರಂಡಿ ಬೇಡ, ಈಗ ಬನ್ನಿ ಎಂದು ಹೇಳತೊಡಗಿದೆ. ನೆಲಮಂಗಲ ಬರುವಷ್ಟರಲ್ಲಿ ಗಂಗಣ್ಣ ನನ್ನ ಮಾತನ್ನು ನಂಬಿ ಚಕ್ರ ತಿರುಗಿಸುತ್ತಿದ್ದ.

ಮಾದನಾಯಕನಹಳ್ಳಿಗೆ ಬಂದಾಗ ಆರೂಕಾಲು, ಬೆಳಕು ಇನ್ನೂ ಇತ್ತು. ಟೀ ಅಂಗಡಿಯ ಬೆಂಚು ತುಂಬಿತ್ತು. ಬೆಳಗಿನ ಆ ಇಟ್ಟಿಗೆ ಲಾರಿಯೂ ಖಾಲಿಯಾಗಿ ಅಂಗಡಿಯ ಪಕ್ಕದಲ್ಲೇ ನಿಂತಿತ್ತು; ಅದರ ಡ್ರೈವರ್ ಬೆಂಚಿನ ತುದಿಯಲ್ಲಿ ಕೂತು ಏನೋ ಹೇಳುತ್ತಿದ್ದ, ಉಳಿದವರು ಕೇಳುತ್ತಿದ್ದರು. ಏನೆಂದು ಊಹಿಸಲು ಕಷ್ಟವಿರಲಿಲ್ಲ. ಗಂಗಣ್ಣ ನಿಲ್ಲಿಸದೆ ಮುಂದೆ ಹೋಗಲು ಆಕ್ಸಿಲರೇಟರ್ ಒತ್ತಿದ.

"ನಿಲ್ಲಿಸಿ" ಎಂದೆ.

"ನಿಮ್ಗೆ ಊಟಕ್ಕೆ ಹೊತ್ತಾಗುತ್ತೆ ಸಾರ್."

"ನಿಲ್ಲಿಸಿ ಗಂಗಣ್ಣ."

ಇಳಿದು ಬೆಂಚಿನ ಮುಂದೆ ಹೋಗಿ ನಿಂತೆ. ಧೂಳು ಮೆತ್ತಿದ ಅಂಗಿ, ತಲೆಯಲ್ಲಿ ಹುಲ್ಲು. ಮೊದಲ ಮಾತು ಸುಲಭವಾಗಿ ಹೊರಡಲಿಲ್ಲ.

"ಬೆಳಿಗ್ಗೆ ಲಾರಿಯ ಮೇಲೆ ಯಂತ್ರ ನಿಲ್ಲಿಸಿದವನು ನಾನು. ಬೇಡವೆಂದು ಮೇಸ್ತ್ರಿ ಹೇಳಿದ. ಹಿಂತಿರುಗೋಣವೆಂದು ಗಂಗಣ್ಣನೂ ಹೇಳಿದರು. ನಾನು ಕೇಳಲಿಲ್ಲ. ಮಣ್ಣಿಗೆ ಇಳಿದಿದ್ದರೆ ಲಾರಿ ಮಗುಚುತ್ತಿತ್ತು. ನಿಮ್ಮ ಇಟ್ಟಿಗೆ ಚೆಲ್ಲಿದ್ದು ನನ್ನಿಂದ, ಇವರಿಂದಲ್ಲ."

ಇಟ್ಟಿಗೆ ಲಾರಿಯವನು ನನ್ನನ್ನೂ, ಲಾರಿಯಲ್ಲೇ ಕೂತಿದ್ದ ಗಂಗಣ್ಣನನ್ನೂ ನೋಡಿದ. ಬೆಳಿಗ್ಗೆ ಕೂಗಿದ ಮುದುಕನೇ ಕೊನೆಗೆ ಬಾಯಿ ಬಿಟ್ಟ.

"ಅಂಗನ್ನಿ ಮತ್ತೆ. ನಮ್ ಗಂಗ ಇಳೀದೆ ಇರೋನಲ್ಲ ಅಂತ ನಾನ್ ಬೆಳಗ್ಗೇನೇ ಅಂದೆ."

ಅವನು ಹಾಗೆ ಅಂದಿರಲಿಲ್ಲ. ಬೆಂಚಿನಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಯಾರೂ ತಿದ್ದಲಿಲ್ಲ. ಇಟ್ಟಿಗೆ ಲಾರಿಯವನು ಸರಿದು ಜಾಗ ಮಾಡಿ, "ಬಾ ಗಂಗಣ್ಣ, ಟೀ ಕುಡಿ. ಈ ಯಜಮಾನ್ರನ್ನ ಇನ್ಮೇಲೆ ಮಲಗಿಸ್ಕೊಂಡೇ ತಗೊಂಡ್ಹೋಗು" ಅಂದ. ಬೆಂಚು ಮತ್ತೆ ನಕ್ಕಿತು. ಈ ಸಲ ಗಂಗಣ್ಣನೂ ನಕ್ಕ. ಸಂಜೆ ಐದರ ಮೇಲೆ ನಾನು ಟೀ ಮುಟ್ಟುವುದಿಲ್ಲ. ಅಂದು ಕುಡಿದೆ.

ಎಂಟನೇ ಮೈಲಿಯ ಹತ್ತಿರ ನನ್ನನ್ನು ಇಳಿಸುವಾಗ ಏಳು ಹತ್ತು. ಹುಲ್ಲಿನ ಲಾರಿಯ ಮುದುಕ ಯಾವಾಗ ಸಿಗುತ್ತಾನೆಂದು ಕೇಳಿದೆ. ಗುರುವಾರ ಗುರುವಾರ ಬೆಂಗಳೂರಿಗೆ ಬರುತ್ತಾನಂತೆ. ಬರುವ ಗುರುವಾರ ಆ ಏರಿಯ ಹತ್ತಿರ ನನ್ನನ್ನು ಕರೆದುಕೊಂಡು ಹೋಗಬೇಕೆಂದೆ. ಗಂಗಣ್ಣ ಸ್ಟಿಯರಿಂಗ್ ಮೇಲಿಂದ ನಾಲ್ಕು ಬೆರಳು ಎತ್ತಿ, ಲಾರಿ ತಿರುಗಿಸಿಕೊಂಡು ಊರಿನ ಕಡೆ ಹೊರಟ.

ರಸ್ತೆ ದಾಟುವ ಮೊದಲು ತಿರುಗಿ ನೋಡಿದೆ. ದೂರದಲ್ಲಿ ಎದುರಿನಿಂದ ಯಾವುದೋ ಲಾರಿಯ ದೀಪ ಬರುತ್ತಿತ್ತು. ಗಂಗಣ್ಣನ ಲಾರಿಯ ಹಿಂದಿನ ಕೆಂಪು ದೀಪ ಒಂದು ಕ್ಷಣ ಎಡಕ್ಕೆ ವಾಲಿತು. ಮತ್ತೆ ನೆಟ್ಟಗಾಯಿತು.